ನಾಲ್ಕನೆಯ ಕಲಮು ಮತ್ತು ಹಲ್ಲಿನ ಸೆಟ್ಟು

ಬ್ರಿಟನ್ನಿನ ಲೇಬರ್ ಪಕ್ಷ ತನ್ನ ಹಳೆಯ ಮೌಲ್ಯಗಳನ್ನು ಉಳಿಸಿಕೊಂಡಿದೆಯೇ ಎಂಬ ಚರ್ಚೆ ಎದ್ದಾಗಲೆಲ್ಲ ಮಾತು ಆ ಪಕ್ಷದ ಸಂವಿಧಾನದ ನಾಲ್ಕನೆಯ ಕಲಮಿಗೆ ಬಂದು ನಿಲ್ಲುತ್ತದೆ. 1900ರಲ್ಲಿ ಕಾರ್ಮಿಕ ಸಂಘಗಳೂ ಸಮಾಜವಾದಿ ಕೂಟಗಳೂ ಸೇರಿ ಕಟ್ಟಿದ ಪಕ್ಷವಿದು. 1918ರಲ್ಲಿ, ಮುಖ್ಯವಾಗಿ ಸಿಡ್ನಿ ವೆಬ್ ಅವರ ಕೈಯಲ್ಲಿ ರೂಪುಗೊಂಡ ಈ ಕಲಮು, ಉತ್ಪಾದನೆಯ ಸಾಧನಗಳು ಸಮಾಜದ ಒಡೆತನಕ್ಕೆ ಬರಬೇಕು, ದುಡಿದವರಿಗೆ ದುಡಿಮೆಯ ಪೂರ್ಣ ಫಲ ದಕ್ಕಬೇಕು ಎಂದು ಸಾರಿತು. ಮುಂದೆ ಅದು ಸದಸ್ಯತ್ವದ ಚೀಟಿಯ ಮೇಲೂ ಅಚ್ಚಾಯಿತು.

ಆ ಮಾತು ಬರಿಯ ಮಾತಾಗಿ ಉಳಿಯಲಿಲ್ಲ. 1945ರಲ್ಲಿ ಗೆದ್ದ ಆಟ್ಲಿ ಸರ್ಕಾರ ಕಲ್ಲಿದ್ದಲು ಗಣಿಗಳನ್ನೂ ರೈಲ್ವೆಯನ್ನೂ ರಾಷ್ಟ್ರೀಕರಣ ಮಾಡಿತು. (ನಮ್ಮ ಸ್ವಾತಂತ್ರ್ಯದ ಮಸೂದೆಯನ್ನು ಮಂಡಿಸಿದ್ದೂ ಇದೇ ಸರ್ಕಾರ.) 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅದನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ವೇಲ್ಸಿನವರು. ಬಾಲಕನಾಗಿದ್ದಾಗಲೇ ಗಣಿಗೆ ಇಳಿದವರು. ಬಡವ ಬಲ್ಲಿದನೆನ್ನದೆ ಯಾರಿಗೂ ಚಿಕಿತ್ಸೆಗೆ ಕಾಸು ಕೇಳಬಾರದೆಂಬುದು ಅವರ ಹಟ.

ಮೂರು ವರ್ಷ ಕಳೆಯಿತಷ್ಟೆ. ಕೊರಿಯಾ ಯುದ್ಧ ಬಂದು, ಮೂರು ವರ್ಷಗಳ ಶಸ್ತ್ರಾಸ್ತ್ರ ವೆಚ್ಚ 470 ಕೋಟಿ ಪೌಂಡಿಗೆ ಏರಿತು. 1951ರ ಬಜೆಟ್ಟಿನಲ್ಲಿ ಹಣಕಾಸು ಮಂತ್ರಿ ಹ್ಯೂ ಗೇಟ್‌ಸ್ಕೆಲ್ ಕನ್ನಡಕಕ್ಕೂ ಹಲ್ಲಿನ ಸೆಟ್ಟಿಗೂ ಶುಲ್ಕ ಹಾಕಿದರು. ಆ ವರ್ಷ ಅದರಿಂದ ನಿರೀಕ್ಷಿಸಿದ್ದ ಉಳಿತಾಯ 1.3 ಕೋಟಿ ಪೌಂಡು ಮಾತ್ರ. ಬೆವನ್ ರಾಜೀನಾಮೆಯಿತ್ತರು, ಜೊತೆಗೆ ಹೆರಾಲ್ಡ್ ವಿಲ್ಸನ್ ಕೂಡ ಹೊರನಡೆದರು. ಗಮನಿಸಿ: ಆಗ ನಾಲ್ಕನೆಯ ಕಲಮಿನ ಒಂದಕ್ಷರವೂ ಅಳಿಸಿರಲಿಲ್ಲ. ಹಿಂದೆ ಎಲ್ಲವೂ ಸರಿಯಿತ್ತು, ಟೋನಿ ಬ್ಲೇರ್ ಬಂದು ಕೆಡಿಸಿದರು ಎಂಬ ವಾದವನ್ನು ನಾನು ಒಪ್ಪದಿರುವುದು ಇದರಿಂದಲೇ.

ಕಲಮನ್ನು ಬದಲಿಸಲು 1959ರ ಸೋಲಿನ ನಂತರ ಗೇಟ್‌ಸ್ಕೆಲ್ ಯತ್ನಿಸಿ ಕೈಬಿಟ್ಟಿದ್ದರು. ಬ್ಲೇರ್ 1995ರ ಏಪ್ರಿಲಿನಲ್ಲಿ ಅದನ್ನು ಸಾಧಿಸಿದರು. ಇಲ್ಲೊಂದು ಸ್ವಾರಸ್ಯವಿದೆ. ಹಳೆಯ ಕಲಮಿನಲ್ಲಿ 'ಸಮಾಜವಾದ' ಎಂಬ ಪದವೇ ಇರಲಿಲ್ಲ. ಒಡೆತನದ ಮಾತನ್ನು ತೆಗೆದುಹಾಕಿದ ಹೊಸ ಕಲಮು, ಲೇಬರ್ 'ಪ್ರಜಾಸತ್ತಾತ್ಮಕ ಸಮಾಜವಾದಿ ಪಕ್ಷ' ಎಂದು ಘೋಷಿಸಿತು! ಹೆಸರು ಬಂತು, ಒಡೆತನ ಹೋಯಿತು.

ಹಾಗೆಂದು ಬ್ಲೇರ್ ಕಾಲವನ್ನು ಪೂರಾ ತಳ್ಳಿಹಾಕುವಂತಿಲ್ಲ. ಕಾಲೇಜು ವಿದ್ಯಾರ್ಥಿಗಳ ಮೇಲೆ ಬೋಧನಾ ಶುಲ್ಕ ಹೇರಿದ ಸರ್ಕಾರವೇ 1999ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕನಿಷ್ಠ ಕೂಲಿಯನ್ನು ತಂದಿತು, ಗಂಟೆಗೆ 3.60 ಪೌಂಡು. ನಾಲ್ಕನೆಯ ಕಲಮು ಅಚ್ಚಳಿಯದೆ ಇದ್ದ ಅಷ್ಟು ದಶಕಗಳಲ್ಲಿ ಆಗದ ಕೆಲಸವದು. 2003ರ ಇರಾಕ್ ಯುದ್ಧಕ್ಕೆ ಮಾತ್ರ ಇಂಥ ಸಮಜಾಯಿಷಿ ನನಗೆ ಕಾಣದು. ಲೇಬರ್ ಪಕ್ಷದ 139 ಸದಸ್ಯರು ಅಂದು ಸರ್ಕಾರದ ವಿರುದ್ಧವೇ ಮತ ಹಾಕಿದರು.

ಕೀರ್ ಸ್ಟಾರ್ಮರ್ 2024ರಲ್ಲಿ ಭಾರಿ ಬಹುಮತದಿಂದ ಬಂದಾಗಲೂ ಮೊದಲ ತಿಂಗಳಲ್ಲೇ ಹಳೆಯ ಜಗಳ ಮರುಕಳಿಸಿತು. ಎರಡಕ್ಕಿಂತ ಹೆಚ್ಚು ಮಕ್ಕಳಿರುವ ಬಡ ಕುಟುಂಬಗಳ ಸಹಾಯಧನಕ್ಕೆ ಕನ್ಸರ್ವೇಟಿವರು ಹಾಕಿದ್ದ ಮಿತಿಯನ್ನು ತೆಗೆಯಿರೆಂದು ಮತ ಹಾಕಿದ ಏಳು ಸದಸ್ಯರನ್ನು ಸಂಸದೀಯ ಪಕ್ಷದಿಂದ ಅಮಾನತುಗೊಳಿಸಲಾಯಿತು. ಹಣವಿಲ್ಲ ಎಂಬುದೇ ಆಗಲೂ ಕಾರಣ. 2025ರ ನವೆಂಬರಿನ ಬಜೆಟ್ಟಿನಲ್ಲಿ ಅದೇ ಸರ್ಕಾರ ಅದೇ ಮಿತಿಯನ್ನು ಮುಂದಿನ ಏಪ್ರಿಲಿನಿಂದ ರದ್ದುಪಡಿಸುವುದಾಗಿ ಪ್ರಕಟಿಸಿತು.