ಗಿರಿಯ ಹೂವು ಮತ್ತು ನಮ್ಮ ಸೊಸೈಟಿ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಸ್ಥಾಪಕ ಸದಸ್ಯರೊಬ್ಬರು ಆಡಿದ ಮಾತುಗಳ ಬರಹರೂಪ)



ಸಂಘ ಬೆಳೆದು ಬಂದ ದಾರಿಯನ್ನು ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ಸಾಲ, ವಸೂಲಿ, ಗೊಬ್ಬರದ ಗೋದಾಮು, ಎಲ್ಲ ಬಂತು. ನಾನು ಬೇರೆ ದಾರಿಯ ಬಗ್ಗೆ ಹೇಳ್ತೇನೆ. ನಮ್ಮೂರ ಹಿಂದಿನಿಂದ ಗಿರಿಗೆ ಹತ್ತುವ ಕಾಲುದಾರಿ. ಹೂವಿನ ವಿಷಯಕ್ಕೂ ಸೊಸೈಟಿಗೂ ಏನು ಸಂಬಂಧ ಅಂತ ನಗಬೇಡಿ, ಸಂಬಂಧ ಇದೆ.

2022ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳು ನಿಮಗೆಲ್ಲ ನೆನಪಿರಬೇಕು. ಚಂದ್ರದ್ರೋಣ ಪರ್ವತದ ಮೇಲೆ ನೀಲಕುರಿಂಜಿ ಅರಳಿತು. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ ಕಡೆಯ ಇಳಿಜಾರೆಲ್ಲ ನೀಲಿ. ಮಂಜು ಸರಿದರೆ ಬೆಟ್ಟಕ್ಕೆ ಯಾರೋ ಸೀರೆ ಒಣಹಾಕಿದ ಹಾಗೆ ಕಾಣ್ತಿತ್ತು. ನಮ್ಮ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿದವು. ಹೋಟೆಲಿನವರಿಗೆ, ಜೀಪಿನವರಿಗೆ ನಾಲ್ಕು ಕಾಸು ಸಿಕ್ಕಿತು. ಅದು ಸಂತೋಷದ ಮಾತೇ.

ಆದರೆ ಸಂಜೆ ವಾಪಸು ಇಳಿಯುವವರ ಕೈಯಲ್ಲಿ ಏನಿತ್ತು? ಹೂವಿನ ಕಟ್ಟು. ಬೇರೆಯವರ ಮಾತು ಯಾಕೆ, ನಾನೇ ಒಂದು ಹಿಡಿ ಕಿತ್ತು ತಂದು ದೇವರ ಮುಂದೆ ಇಟ್ಟೆ. ಬೆಳಗಾಗುವಷ್ಟರಲ್ಲಿ ಬಾಡಿ ಕಪ್ಪಾಗಿತ್ತು. ಮನೆಯವಳು ಹೇಳಿದಳು: "ಹನ್ನೆರಡು ವರ್ಷ ಕಾದು ಬಂದಿದ್ದನ್ನ ಒಂದು ರಾತ್ರಿಗೆ ಕೊಂದ್ರಲ್ಲ." ಆ ಮಾತಿಗೆ ಇವತ್ತಿಗೂ ನನ್ನಲ್ಲಿ ಉತ್ತರ ಇಲ್ಲ.

ಈ ಗಿಡದ ರೀತಿಯೇ ಬೇರೆ. ಮಲ್ಲಿಗೆ, ಸೇವಂತಿಗೆಯ ಹಾಗೆ ಈ ವರ್ಷ ಕಿತ್ತರೆ ಬರುವ ವರ್ಷ ಮತ್ತೆ ಬಿಡುವುದಿಲ್ಲ. ಹನ್ನೆರಡು ವರ್ಷ ಬರೀ ಎಲೆ ಹೊತ್ತು ನಿಲ್ಲುತ್ತೆ, ಒಂದೇ ಸಲ ಹೂ ಬಿಡುತ್ತೆ, ಬೀಜ ಕಟ್ಟುತ್ತೆ, ಸಾಯುತ್ತೆ. ಉದುರಿದ ಬೀಜದಿಂದಲೇ ಮುಂದಿನ ಪೀಳಿಗೆ. ಹೂವು ಕಿತ್ತರೆ ಬೀಜ ಎಲ್ಲಿಂದ ಬರಬೇಕು? ಬಿತ್ತನೆ ಭತ್ತವನ್ನೇ ಕುಟ್ಟಿ ಉಂಡ ಹಾಗಾಯಿತು. ಎಲ್ಲ ಗುಡ್ಡಕ್ಕೂ ಒಂದೇ ವರ್ಷದ ಲೆಕ್ಕವೂ ಅಲ್ಲ. ಕೇರಳದ ಮುನ್ನಾರ್ ಕಡೆ 2006ರಲ್ಲಿ, ಆಮೇಲೆ 2018ರಲ್ಲಿ ಅರಳಿತ್ತು. ಕೊಡಗಿನ ಮಾಂದಲ್‌ಪಟ್ಟಿಯಲ್ಲಿ 2021ರಲ್ಲಿ ಅರಳಿತು. ನಮ್ಮಲ್ಲಿ 2022ರಲ್ಲಿ ಅರಳಿದ ಜಾಗದಲ್ಲಿ ಮತ್ತೆ ನೋಡಬೇಕಾದರೆ 2034. ಆಗ ನಾನಿರ್ತೇನೋ ಇಲ್ಲವೋ, ಇಲ್ಲಿ ಮುಂದೆ ಚಾಪೆ ಮೇಲೆ ಕೂತಿರುವ ಮಕ್ಕಳಂತೂ ಇರ್ತಾರೆ.

2023ರ ಸೆಪ್ಟೆಂಬರ್‌ನಲ್ಲಿ ನಾವು ಏಳು ಜನ ಸದಸ್ಯರು, ಸ್ವಂತ ಖರ್ಚಿನಲ್ಲಿ (ಲೆಕ್ಕ ತಪಾಸಣೆಯವರು ಗಾಬರಿಯಾಗಬಾರದು), ಬೀರೂರಿನಲ್ಲಿ ರೈಲು ಹತ್ತಿ ಮಹಾರಾಷ್ಟ್ರದ ಸಾತಾರಾಕ್ಕೆ ಹೋದೆವು. ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ಕಾಸ್ ಅನ್ನುವ ಬೆಟ್ಟದ ಮೇಲಿನ ಬಯಲಿದೆ. ಕಾಸ್ ನೋಡಲಿಕ್ಕೂ ಕಾಸು ಕೊಡಬೇಕು, ಟಿಕೆಟ್ ಇದೆ! ಪಶ್ಚಿಮ ಘಟ್ಟದ 39 ತಾಣಗಳು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವಲ್ಲ, ಅದರಲ್ಲಿ ಇದೂ ಒಂದು.

ಅಲ್ಲಿ ನೆಲ ಅಂದರೆ ಕೆಂಪು ಜಂಬಿಟ್ಟಿಗೆ ಬಂಡೆ. ಮೇಲೆ ಬೆರಳುದ್ದ ಮಣ್ಣೂ ಇಲ್ಲ. ಬೇಸಗೆಯಲ್ಲಿ ನೋಡಿದರೆ ಏನಕ್ಕೂ ಬಾರದ ಬರಡು ಅಂತೀರಿ. ಮಳೆ ಬಿದ್ದು ಆಗಸ್ಟ್ ಕೊನೆಯಾದರೆ ಹೂವಿನ ಜಮಖಾನ. ಒಂದು ಪುಟ್ಟ ನೇರಳೆ ಹೂವಿಗೆ ಅವರು ಸೀತೆಯ ಕಣ್ಣೀರು ಅಂತ ಹೆಸರಿಟ್ಟಿದ್ದಾರೆ. ಹೆಸರು ಅಷ್ಟು ಮೃದು, ಗಿಡ ಮಾತ್ರ ಮಾಂಸಾಹಾರಿ! ಮಣ್ಣಿನಲ್ಲಿ ಸಾರ ಇಲ್ಲದ್ದರಿಂದ ನೀರಿನಲ್ಲಿರುವ ಸಣ್ಣ ಸಣ್ಣ ಜೀವಿಗಳನ್ನು ಬುಡದ ಚೀಲದೊಳಗೆ ಎಳೆದುಕೊಂಡು ಬದುಕುತ್ತೆ. ನಮ್ಮ ಕುರಿಂಜಿಯ ದಾಯಾದಿ ಒಂದು ಅಲ್ಲೂ ಇದೆ, ಬುಟ್ಟಿ ಕವುಚಿದ ಹಾಗೆ ಗುಂಡಗೆ ಬೆಳೆಯುತ್ತೆ. ಅದರದ್ದು ಏಳು ವರ್ಷದ ಲೆಕ್ಕ ಅಂತಾರೆ.

ಹೂವಿಗಿಂತ ನನಗೆ ಹಿಡಿಸಿದ್ದು ಅಲ್ಲಿನ ವ್ಯವಸ್ಥೆ. ಸುತ್ತಲ ಹಳ್ಳಿಗಳವರೇ ಅರಣ್ಯ ಇಲಾಖೆಯ ಜೊತೆ ಸಮಿತಿ ಮಾಡಿಕೊಂಡಿದ್ದಾರೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಮುಂಗಡ ನೋಂದಣಿ ಇದೆ. ವಾಹನ ದೂರದಲ್ಲಿ ನಿಲ್ಲಬೇಕು. ದಾರಿ ಬಿಟ್ಟು ಹೂವಿನ ಮೇಲೆ ಕಾಲಿಟ್ಟರೆ ಹಳ್ಳಿಯ ಹುಡುಗ ಸೀಟಿ ಊದುತ್ತಾನೆ. ನಮ್ಮಲ್ಲೊಬ್ಬರು ಫೋಟೋ ತೆಗೆಸಿಕೊಳ್ಳಲು ಹೋಗಿ ಸೀಟಿ ಊದಿಸಿಕೊಂಡರು. ಹೆಸರು ಹೇಳುವುದಿಲ್ಲ, ವೇದಿಕೆ ಮೇಲೇ ಇದ್ದಾರೆ. ಅವರೂ ತಪ್ಪು ಮಾಡಿದ್ದುಂಟು. ಹಿಂದೆ ಬೇಲಿ ಹಾಕಿದರು, ದನ ಮೇಯುವುದು ನಿಂತು ಹುಲ್ಲು ಎತ್ತರವಾಗಿ ಹೂವೇ ಕಮ್ಮಿ ಆಯಿತು ಅನ್ನುವ ದೂರು ಬಂತು. ಆಮೇಲೆ ಬೇಲಿ ಕಿತ್ತರು.

ನಮ್ಮಲ್ಲೂ ಮಿತಿ ಬೇಡವೇ? 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ಬಂದು ನೂಕುನುಗ್ಗಲಾಗಿ, ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನೇ ಸರ್ಕಾರ ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ನಮ್ಮ ಕಾಲುದಾರಿ ನೋಡಿ. ನಾನು ಹುಡುಗನಾಗಿದ್ದಾಗ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟು ಅಗಲ. ಈಗ ಕೆಸರು ತಪ್ಪಿಸಲು ಒಬ್ಬ ಪಕ್ಕಕ್ಕೆ ಕಾಲಿಟ್ಟ, ಅವನ ಹಿಂದೆ ನೂರು ಜನ ಇಟ್ಟರು. ಹುಲ್ಲು ಸತ್ತು ದಾರಿ ಕೊರಕಲಾಗಿದೆ. ಮಳೆಗೆ ಮಣ್ಣು ಸೀದಾ ನಮ್ಮ ಹಳ್ಳಕ್ಕೆ ಬರ್ತಾ ಇದೆ. ಮೇಲಿನ ಹುಲ್ಲುಗಾವಲು, ಶೋಲಾ ಕಾಡು ಮಳೆನೀರು ಹಿಡಿದಿಟ್ಟು ನಿಧಾನಕ್ಕೆ ಬಿಡುವುದರಿಂದಲೇ ಮಾರ್ಚ್‌ನಲ್ಲೂ ನಮ್ಮ ತೋಟಕ್ಕೆ ನೀರು. ಸೊಸೈಟಿ ಸಾಲ ಕೊಟ್ಟಿರುವುದು ಆ ತೋಟಗಳ ಮೇಲೆ ಸ್ವಾಮಿ! ಸಂಬಂಧ ಇದೆ ಅಂದದ್ದು ಇದಕ್ಕೇ.

ಹೋದ ಸರ್ವಸದಸ್ಯರ ಸಭೆಯಲ್ಲಿ ಗಿರಿಯ ಅಂಚಿನಲ್ಲಿ ಟೆಂಟ್ ಹಾಕಲು ಸಾಲ ಬೇಕು ಅಂತ ನಮ್ಮ ಹುಡುಗರು ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಊರಲ್ಲೇ ದುಡಿಮೆ ಇದ್ದರೆ ಬೆಂಗಳೂರಿಗೆ ಯಾಕೆ ಹೋಗ್ತಾರೆ? ಆದರೆ ಟೆಂಟ್ ಮೇಲೆ ಬೇಡ. ಸಾಲವನ್ನು ಊರೊಳಗಿನ ಮನೆಗಳಲ್ಲಿ ಊಟ, ವಸತಿ ಮಾಡಿಕೊಡುವವರಿಗೆ ಕೊಡಿ. ಇಲಾಖೆಯ ಒಪ್ಪಿಗೆ ಪಡೆದು ಹತ್ತು ಹುಡುಗರಿಗೆ ದಾರಿ ತೋರಿಸುವ ಕೆಲಸ ಕೊಡಿಸಿ, ಕೂಲಿ ಸಂಘದ ಲೆಕ್ಕದಲ್ಲಿ ಬರಲಿ. ಕೊರಕಲು ಬಿದ್ದ ಕಡೆ ಕಲ್ಲು ಜೋಡಿಸಲು ನಾನೂ ಬರ್ತೇನೆ, ಬೆನ್ನು ಎಷ್ಟು ಬಗ್ಗುತ್ತೋ ಅಷ್ಟು.

ಇದನ್ನೆಲ್ಲ ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ, ಬರುವ ಸಭೆಯಲ್ಲಿ ಚರ್ಚೆಗೆ ಇಡಿ. ಬೇಡ ಅನ್ನುವವರೂ ಎದ್ದು ನಿಂತು ಬೇಡ ಅನ್ನಲಿ, ಅದೂ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಅಧ್ಯಕ್ಷರು ಎರಡು ಸಲ ಗಡಿಯಾರ ನೋಡಿದರು, ಊಟದ ಎಲೆ ಹಾಕ್ತಾ ಇದ್ದಾರೆ.