ಕನ್ನಡದ ರ‍್ಯಾಪ್ ಎಷ್ಟು ದೂರ ಕೇಳಿಸುತ್ತದೆ?

ಗುಬ್ಬಿ ತಾಲ್ಲೂಕಿನ ಚೇಳೂರಿನ ಹೆಸರು ಹೊರಗಿನವರಿಗೆ ಗೊತ್ತಾದದ್ದು ಹಲಸಿನಿಂದ. ಅಲ್ಲಿನ ರೈತರೊಬ್ಬರ ತೋಟದಲ್ಲಿ ಒಂದು ಮರವಿತ್ತು. ಹಣ್ಣು ಸಣ್ಣದು, ಎರಡೂವರೆ ಕೆ.ಜಿ. ಆಸುಪಾಸು, ತೊಳೆಗೆ ತಾಮ್ರದ ಬಣ್ಣ. ಮನೆಯವರು, ನೆಂಟರಿಷ್ಟರು ವರ್ಷಗಟ್ಟಲೆ ಅದನ್ನು ತಿಂದು ಚೆನ್ನಾಗಿದೆ ಅಂದ ಮೇಲೆ ಹಿರೇಹಳ್ಳಿಯ ತೋಟಗಾರಿಕಾ ಕೇಂದ್ರದ ವಿಜ್ಞಾನಿಗಳು ಪರೀಕ್ಷೆ ಮಾಡಿದರು, ಮರ ನೆಟ್ಟ ಸಿದ್ದಪ್ಪನವರ ಹೆಸರನ್ನೇ ತಳಿಗೂ ಇಟ್ಟರು. ಈಗ ಸಿದ್ದು ಹಲಸಿನ ಕಸಿ ಗಿಡಗಳು ದೂರದೂರಿನ ತೋಟಗಳಲ್ಲಿವೆ. ಆ ಹಣ್ಣನ್ನು ಮೊದಲು ಊರು ತಿಂದಿತ್ತು, ಲೋಕ ತಿಂದದ್ದು ಆಮೇಲೆ. ಇವತ್ತು ಮಾತಾಡಬೇಕೆಂದಿರುವುದು ಹಲಸಿನ ಬಗ್ಗೆ ಅಲ್ಲ, ರ‍್ಯಾಪ್ ಹಾಡಿನ ಬಗ್ಗೆ. ಆದರೆ ಅನುಕ್ರಮ ಇದೇ ಎಂಬುದು ನನ್ನ ವಾದ. ನಮ್ಮ ಹುಡುಗರು ಕಟ್ಟಿದ ಹಿಪ್ ಹಾಪನ್ನು ಹೊರದೇಶದವರು ಗಮನಿಸುತ್ತಾರೆಯೇ ಎಂದು ಕೇಳುವವರು, ಊರು ಅದನ್ನು ಕೇಳಿಸಿಕೊಂಡಿದೆಯೇ ಎಂದು ಮೊದಲು ನೋಡಬೇಕು.

ಈ ಕಲೆ ಹುಟ್ಟಿದ್ದೂ ಹಾಗೆಯೇ. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡ ಬಡಾವಣೆಯಲ್ಲಿ, ಸೆಡ್ಜ್‌ವಿಕ್ ರಸ್ತೆಯ 1520ನೇ ನಂಬರಿನ ವಠಾರದಲ್ಲಿ, 1973ರ ಆಗಸ್ಟ್ 11ರಂದು ಒಬ್ಬ ಹುಡುಗಿ ಸ್ಕೂಲು ಬಟ್ಟೆಗೆ ದುಡ್ಡು ಹೊಂದಿಸಲು ಕುಣಿತದ ಕೂಟ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡು ಹಾಕಿದವನು ಅವಳ ಅಣ್ಣ ಕ್ಲೈವ್ ಕ್ಯಾಂಪ್‌ಬೆಲ್. ಜಮೈಕಾದಿಂದ ಬಂದ ಕುಟುಂಬದವನು, ಮುಂದೆ ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು. ಹಾಡಿನ ಮಧ್ಯೆ ಗಾಯನ ನಿಂತು ಡ್ರಮ್ ಮಾತ್ರ ಬಾರಿಸುವ ಒಂದು ತುಣುಕು ಇರುತ್ತದಲ್ಲ, ಅದೇ ಹೊತ್ತಿಗೆ ಜನ ಹೆಚ್ಚು ಕುಣಿಯುತ್ತಾರೆಂದು ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನೇ ಎಳೆದ. ಅದರ ಮೇಲೆ ಮೈಕಿನಲ್ಲಿ ಮಾತು ಸೇರಿತು. ಆರು ವರ್ಷ ಇದು ಆ ಬಡಾವಣೆ ಬಿಟ್ಟು ದೊಡ್ಡದಾಗಿ ಹೊರಗೆ ಹೋಗಲಿಲ್ಲ. 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಎಂಬ ರೆಕಾರ್ಡು ಲೋಕಕ್ಕೆ ರ‍್ಯಾಪ್ ಪರಿಚಯಿಸಿತು. ಅದನ್ನು ಹಾಡಿದವರು ಬ್ರಾಂಕ್ಸಿನ ಕೂಟಗಳಲ್ಲಿ ಹೆಸರು ಮಾಡಿದವರಲ್ಲ, ಪಕ್ಕದ ನ್ಯೂಜೆರ್ಸಿಯಲ್ಲಿ ಒಟ್ಟುಮಾಡಿದ ಮೂವರು. ಅದರಲ್ಲಿ ಒಬ್ಬ ಹಾಡಿದ ಸಾಲುಗಳು ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಬರೆದವು. ರೆಕಾರ್ಡಿನ ಮೇಲೆ ಆತನ ಹೆಸರಿಲ್ಲ. ಸದ್ದು ಹೊರಗೆ ಹೋಯಿತು, ಬರೆದವನು ಮನೆಯಲ್ಲೇ ಉಳಿದ.

ನಮ್ಮ ದೇಶದ ಪಾಲಿಗೂ ಬಹುಕಾಲ ಇದೇ ಆಯಿತು. ರ‍್ಯಾಪ್ ಇಲ್ಲಿಗೆ ಬಂದದ್ದು ಕ್ಯಾಸೆಟ್ಟು, ಕೇಬಲ್ ಟಿವಿಯ ಜೊತೆ. 1992ರಲ್ಲಿ ಬಾಬಾ ಸೆಹಗಲ್ ಹಿಂದಿಯಲ್ಲಿ, 1994ರಲ್ಲಿ ತಮಿಳಿನ ‘ಕಾದಲನ್’ ಚಿತ್ರದ ‘ಪೇಟ್ಟೈ ರ‍್ಯಾಪ್’. (ಅದಕ್ಕೆ ಕುಣಿದ ಪ್ರಭುದೇವ ನಮ್ಮ ಮೂಗೂರು ಸುಂದರ್ ಅವರ ಮಗ ಎಂದು ಕನ್ನಡಿಗರು ಬೀಗಬಹುದು, ಆದರೆ ಹಾಡು ತಮಿಳಿನದು.) ಅತ್ತ ಅಮೆರಿಕದವರು ನಮ್ಮನ್ನು ಗಮನಿಸಲು ಶುರುಮಾಡಿದ್ದು ಬೇರೆಯೇ ರೀತಿಯಲ್ಲಿ. 2002ರ ‘ಅಡಿಕ್ಟಿವ್’ ಎಂಬ ಹಾಡಿನಲ್ಲಿ, ಒಂದು ಹಿಂದಿ ಹಾಡಿನಿಂದ ಎತ್ತಿಕೊಂಡ ಲತಾ ಮಂಗೇಶ್ಕರ್ ದನಿ ಉದ್ದಕ್ಕೂ ಕೇಳಿಸುತ್ತದೆ. ಆ ಹಿಂದಿ ಹಾಡಿಗೆ ಸಂಗೀತ ಕೊಟ್ಟ ಬಪ್ಪಿ ಲಾಹಿರಿ ಅಮೆರಿಕದ ಕೋರ್ಟಿಗೆ ಹೋಗಬೇಕಾಯಿತು. ಅವರ ಹೆಸರು ಹಾಕದೆ ಮಾರುವಂತಿಲ್ಲ ಎಂದು ಅಲ್ಲಿನ ನ್ಯಾಯಾಲಯ ಹೇಳಿತು. ಮಾರನೆಯ ವರ್ಷ ಬ್ರಿಟನ್ನಿನ ಪಂಜಾಬಿ ಎಂಸಿಯ ಹಾಡಿಗೆ ಜೇ-ಝಿ ದನಿಗೂಡಿಸಿದ. ಹಾಡು ಲೋಕವೆಲ್ಲ ಕುಣಿಸಿತು ನಿಜ. ಆದರೆ ಅದರ ಪಂಜಾಬಿ ಮಾತು ಏನು ಹೇಳುತ್ತಿದೆ ಎಂದು ಕುಣಿದವರಲ್ಲಿ ಎಷ್ಟು ಜನ ಕೇಳಿದ್ದಾರು?

ಹತ್ತಿರದ ಉದಾಹರಣೆ ತಮಿಳಿನದು. 2021ರ ಮಾರ್ಚಿನಲ್ಲಿ ಬಂದ ‘ಎಂಜಾಯ್ ಎಂಜಾಮಿ’ಯನ್ನು ಬರೆದವರು ಅರಿವು. ಅವರ ಅಜ್ಜಿ ವಳ್ಳಿಯಮ್ಮಾಳ್ ಶ್ರೀಲಂಕಾದ ಚಹಾ ತೋಟದಲ್ಲಿ ದುಡಿದವರು, ಆ ಬದುಕೇ ಹಾಡಿನ ಬೇರು. ತಮಿಳುನಾಡು ಅದನ್ನು ಮನೆಮಾತು ಮಾಡಿಕೊಂಡಿತು, ಆಮೇಲೆ ಫ್ರಾನ್ಸಿನ ಡಿಜೆ ಸ್ನೇಕ್ ಅದರ ರೀಮಿಕ್ಸ್ ಮಾಡಿದರು. ಅಷ್ಟಾಗಿಯೂ ಆ ವರ್ಷದ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಭಾರತೀಯ ಆವೃತ್ತಿಯ ಮುಖಪುಟದಲ್ಲಿ ಅರಿವು ಇರಲಿಲ್ಲ, ಗದ್ದಲವೆದ್ದಿತು. ಆ ಹಾಡಿನಿಂದ ತಮಗೆ ಬಿಡಿಗಾಸೂ ಬಂದಿಲ್ಲವೆಂದು 2024ರಲ್ಲಿ ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ ಬಹಿರಂಗವಾಗಿ ಹೇಳಿದರು. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಬ್ರಾಂಕ್ಸಿನ ಕ್ಯಾಜ್‌ಗೆ ಆದ ಅನ್ಯಾಯ ಲೋಕಕ್ಕೆ ತಿಳಿಯಲು ದಶಕಗಳು ಹಿಡಿದವು. ಅರಿವು ಅವರ ಹೆಸರು ಬಿಟ್ಟುಹೋದದ್ದು ಕೂಡಲೇ ಸುದ್ದಿಯಾಯಿತು, ಏಕೆಂದರೆ ಕೇಳುವ ಊರು ಒಂದು ಬೆನ್ನಿಗಿತ್ತು.

ಇನ್ನು ನಮ್ಮ ಮನೆಗೆ ಬರೋಣ. ಬೆಂಗಳೂರಿನಲ್ಲಿ ವಿಘ್ನೇಶ್ ಶಿವಾನಂದ್, ಅಂದರೆ ಬ್ರೋಧ ವಿ, ಮತ್ತು ಸ್ಮೋಕಿ ದ ಘೋಸ್ಟ್ ಎಂಬ ಹೆಸರಿನ ಸುಮುಖ್ ‘ಮಚ್ಚಾಸ್ ವಿತ್ ಆಟಿಟ್ಯೂಡ್’ ತಂಡದಲ್ಲಿ ಜೊತೆಗಿದ್ದವರು. ಬ್ರೋಧ ವಿ 2012ರಲ್ಲಿ ‘ಆತ್ಮ ರಾಮ’ ಹಾಡಿದಾಗ ರಾಮಭಜನೆ ಒಂದು ಕಡೆ, ಇಂಗ್ಲಿಷ್ ರ‍್ಯಾಪ್ ಇನ್ನೊಂದು ಕಡೆ. ನೀಲಸಂದ್ರದ ಪಾಷಾ ಭಾಯ್ ದಖ್ಖನಿಯಲ್ಲಿ ಹಾಡುತ್ತಾರೆ. ಕನ್ನಡದಲ್ಲಿ ಆಲ್ ಓಕೆ ಹೆಸರಿನ ಅಲೋಕ್, ನಟ ರಾಕೇಶ್ ಅಡಿಗ ಮೊದಲ ಸಾಲಿನವರು. 2018ರಲ್ಲಿ ಬಿಗ್ ಬಾಸ್ ಗೆದ್ದ ಚಂದನ್ ಶೆಟ್ಟಿ ರ‍್ಯಾಪನ್ನು ಮದುವೆ ಆರ್ಕೆಸ್ಟ್ರಾ, ಗಣೇಶನ ಪೆಂಡಾಲಿಗೂ ತಂದರು. ಇವರಲ್ಲಿ ಯಾರೂ ಅಮೆರಿಕದ ಹಾಡುಗಳ ಪಟ್ಟಿಗೆ ಹೋಗಲಿಲ್ಲ. ಹೋದವರು ಬೆಂಗಳೂರಿನಲ್ಲಿ ನೆಲೆಸಿದ ಮಲಯಾಳಿ ಹನುಮಾನ್‌ಕೈಂಡ್. ಅವರ ‘ಬಿಗ್ ಡಾಗ್ಸ್’ 2024ರ ಜುಲೈನಲ್ಲಿ ಬಂದು, ಬಿಲ್‌ಬೋರ್ಡಿನ ನೂರರ ಪಟ್ಟಿಯಲ್ಲಿ 23ರವರೆಗೆ ಏರಿತು. 2025ರಲ್ಲಿ ಅವರು ಕೋಚೆಲ್ಲಾ ಉತ್ಸವದ ವೇದಿಕೆಗೆ ಚೆಂಡೆಯವರನ್ನೇ ಕರೆದೊಯ್ದರು.

ಇಲ್ಲಿ ನನ್ನ ವಾದಕ್ಕೆ ಬಲವಾದ ಆಕ್ಷೇಪ ಏಳುತ್ತದೆ. ಊರು ಮೊದಲು ಕೇಳಬೇಕು ಅನ್ನುತ್ತೀರಿ, ಹನುಮಾನ್‌ಕೈಂಡ್ ಹಾಡು ಇಂಗ್ಲಿಷಿನದು, ಅದಕ್ಕೆ ಯಾವ ಊರು ಎಂದು ಕೇಳಬಹುದು. ಊರು ಇತ್ತು. ಸೂರಜ್ ಚೆರುಕಾಟ್ ಎಂಬ ಆ ಹುಡುಗ ಬೆಳೆದದ್ದು ಟೆಕ್ಸಾಸಿನ ಹ್ಯೂಸ್ಟನ್‌ನಲ್ಲಿ. ಅಮೆರಿಕಾ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದ ಎಳೆದು ಮಾತಾಡುವ ಆ ಇಂಗ್ಲಿಷ್ ಅವರ ಬಾಯಿಗೆ ಕಲಿತ ಪಾಠವಲ್ಲ, ಬಾಲ್ಯ. ಜೊತೆಗೆ ಆ ಹಾಡಿನ ವಿಡಿಯೋದಲ್ಲಿ ಕಂಡದ್ದು ಕೇರಳದ ಪೊನ್ನಾನಿಯ ಮೃತ್ಯುಕೂಪ. ನಮ್ಮ ಜಾತ್ರೆಗಳಲ್ಲೂ ಮರದ ಹಲಗೆಯ ಬಾವಿಯೊಳಗೆ ಬೈಕು ಗಿರಗಿರ ಸುತ್ತುತ್ತದಲ್ಲ, ಅದೇ. ಆ ಹಾಡಿನಲ್ಲಿ ಅಮೆರಿಕದವರು ತಮ್ಮದೇ ಮಾತನ್ನು ಕೇಳಿದರು, ನಮ್ಮ ಜಾತ್ರೆಯನ್ನು ನೋಡಿದರು. ಕಲಾವಿದನ ಗೆಲುವಿಗೆ ಇದರಿಂದ ಏನೂ ಕುಂದಿಲ್ಲ. ಆದರೆ ಅದನ್ನು ಬೆಂಗಳೂರಿನ ಗೆಲುವು ಅನ್ನಬಹುದೇ ಹೊರತು ಕನ್ನಡದ್ದು ಅನ್ನಲಾಗದು.

ಹಾಗಾದರೆ ಭಾಷೆಯೇ ಅಡ್ಡಿಯೇ? ಅಲ್ಲ ಅನ್ನಲು ಕನ್ನಡದಲ್ಲೇ ಸಾಕ್ಷಿಯಿದೆ. 2010ರಲ್ಲಿ ರಘು ದೀಕ್ಷಿತ್ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು, 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ ಪಡೆದರು. ಪಂಚೆ, ಗೆಜ್ಜೆ ತೊಟ್ಟು, ಶಿಶುನಾಳ ಷರೀಫರ ಪದಗಳನ್ನು ಕನ್ನಡದಲ್ಲೇ ಹಾಡಿಕೊಂಡು ಅವರು ಬ್ರಿಟನ್ ಸುತ್ತಿದರು. ಷರೀಫರ ಪದಗಳು ನೂರೈವತ್ತು ವರ್ಷದಿಂದ ಭಜನಾ ಮಂಡಳಿಗಳಲ್ಲಿ ನುರಿದು ಬಂದವು, ಅಶ್ವಥ್ ಅವರ ಕಂಠದಲ್ಲಿ ಮನೆಮನೆಗೆ ಹೋದವು. ಊರು ಕೇಳಿ ಗಟ್ಟಿ ಮಾಡಿದ್ದನ್ನೇ ಅವರು ಒಯ್ದರು. ಆದರೆ ರಾಗಕ್ಕೆ ಇರುವ ಅನುಕೂಲ ರ‍್ಯಾಪಿಗೆ ಇಲ್ಲವೆಂಬುದನ್ನು ಒಪ್ಪಬೇಕು. ಅರ್ಥ ತಿಳಿಯದಿದ್ದರೂ ರಾಗ ಹಿಡಿಯುತ್ತದೆ. ರ‍್ಯಾಪಿನಲ್ಲಿ ಮಾತು ಹೋದರೆ ಮುಕ್ಕಾಲು ಹೋಯಿತು. ಆದ್ದರಿಂದ ಅದಕ್ಕೆ ಹೊರದೇಶದಲ್ಲೂ ಮಾತು ಬಲ್ಲ ಮೊದಲ ಗುಂಪೊಂದು ಬೇಕು. ಕೆನಡಾ, ಇಂಗ್ಲೆಂಡಿನ ಪಂಜಾಬಿಗಳು ತಮ್ಮ ಹಾಡುಗಾರರಿಗೆ ಆ ಗುಂಪಾದರು, ಅಮೆರಿಕದ ಸ್ಪ್ಯಾನಿಷ್ ಮಾತಿನ ಜನ ಬ್ಯಾಡ್ ಬನ್ನಿ ಎಂಬ ಹಾಡುಗಾರನಿಗೆ ಆದರು. 2020ರ ಡಿಸೆಂಬರಿನಲ್ಲಿ ಪೂರಾ ಸ್ಪ್ಯಾನಿಷಿನ ಆತನ ಆಲ್ಬಂ ಅಲ್ಲಿನ ಪಟ್ಟಿಯ ತುದಿ ಮುಟ್ಟಿತು. ಕನ್ನಡ ಮಾತೃಭಾಷೆಯವರು 2011ರ ಜನಗಣತಿಯಂತೆ ಸುಮಾರು 4.37 ಕೋಟಿ. ಸಂಖ್ಯೆ ಸಣ್ಣದಲ್ಲ. ಹೊರದೇಶದ ನಮ್ಮ ಕನ್ನಡ ಕೂಟಗಳು ಸುಗಮ ಸಂಗೀತ, ಸಿನಿಮಾ ತಾರೆಯರಿಗೆ ರತ್ನಗಂಬಳಿ ಹಾಸುತ್ತವೆ. ಅಲ್ಲೇ ಹುಟ್ಟಿ ದಿನಾ ರ‍್ಯಾಪ್ ಕೇಳುವ ಮಕ್ಕಳಿಗೆ ಮಾತ್ರ ರಾಜ್ಯೋತ್ಸವದ ದಿನ ಕೋಲಾಟ ಕಲಿಸುತ್ತವೆ. ಕೋಲಾಟ ಬೇಡವೆಂದಲ್ಲ.

ರ‍್ಯಾಪ್ ಪರದೇಶಿ ಸರಕು, ಅದನ್ನು ಊರು ಯಾಕೆ ಕೇಳಬೇಕು ಎನ್ನುವವರಿಗೆ ಗುಬ್ಬಿಯೇ ಉತ್ತರ. 1884ರಲ್ಲಿ ಅಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿಯ ಪರದೆ, ವಿಂಗು, ಸೀನರಿಗಳು ಪಾರ್ಸಿ ಕಂಪನಿಗಳಿಂದ ಕಲಿತವು, ಅವರು ಇಂಗ್ಲಿಷರಿಂದ ಕಲಿತಿದ್ದರು. ಗುಬ್ಬಿ ವೀರಣ್ಣನವರ ಕೈಯಲ್ಲಿ ಅದೇ ಸರಂಜಾಮು ಕನ್ನಡದ್ದಾಯಿತು, ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ಆನೆ ಕುದುರೆ ಬಂದವು. ಇದಕ್ಕೆ ತಿರುಗುಮುರುಗಾದ ಮಾತನ್ನೂ ಕೇಳಿದ್ದೇವೆ: ಲಾವಣಿಯಲ್ಲಿ ಕಲ್ಗಿ ತುರಾ, ಹರದೇಶಿ ನಾಗೇಶಿ ಸವಾಲು ಜವಾಬು ಇದ್ದವು, ರ‍್ಯಾಪ್ ನಮ್ಮಲ್ಲಿ ಮೊದಲೇ ಇತ್ತು ಎಂದು. ಇದು ಬರೀ ಸಮಾಧಾನದ ಮಾತು. ಬಿಜಾಪುರದ ಸೀಮೆಯ ನಾಗೇಶಿಗೂ ಬ್ರಾಂಕ್ಸಿಗೂ ನೆಂಟಸ್ತಿಕೆಯಿಲ್ಲ. ನೆಂಟಸ್ತಿಕೆ ಹುಡುಕುವ ಬದಲು ಕಸುಬು ಕಲಿಯಬಹುದು, ಮತ್ತು ಕಲಿಯುವುದು ಬೇಕಾದಷ್ಟಿದೆ.

ಒಂದು ಕಷ್ಟ ನೋಡಿ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಹಾಗಾಗಿ ಬಂದೆ, ನಿಂದೆ, ತಿಂದೆ ಎಂದು ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ, ಪುಕ್ಕಟೆ ಸಿಕ್ಕಿದ್ದು ನಾಲ್ಕು ಸಾಲಿಗೆ ಸಪ್ಪೆಯಾಗುತ್ತದೆ. ನಮ್ಮ ಎಷ್ಟೋ ರ‍್ಯಾಪು ಸೊರಗುವುದು ಇಲ್ಲೇ. ಹರಿಹರನ ರಗಳೆ ಈ ಕಷ್ಟವನ್ನು ಬಹಳ ಹಿಂದೆಯೇ ದಾಟಿತ್ತು: ಸಾಲಿನ ಎರಡನೆಯ ಅಕ್ಷರದಲ್ಲೊಂದು ಪ್ರಾಸ, ತುದಿಯಲ್ಲಿ ಇನ್ನೊಂದು. ಮಂದಾನಿಲ ರಗಳೆಯ ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು ಹದಿನಾರು ಮಾತ್ರೆ. ರ‍್ಯಾಪಿನ ಒಂದು ಆವರ್ತಕ್ಕೂ ನಾಲ್ಕು ಪೆಟ್ಟು, ಪೆಟ್ಟಿಗೆ ನಾಲ್ಕರಂತೆ ಹದಿನಾರು. ‘ಹಲಸಿನ ತೊಳೆಯನು ಬಿಡಿಸುವ ಕೈಗಳು, ಕೆಲಸದ ನಡುವೆಯು ಹಾಡುವ ಬಾಯ್ಗಳು’ ಎಂದು ಲೆಕ್ಕಕ್ಕಾಗಿ ಕಟ್ಟಿಕೊಂಡು, ತೊಡೆ ತಟ್ಟುತ್ತ ಹೇಳಿ ನೋಡಿ. ಹಲಸು, ಕೆಲಸಗಳ ಲಕಾರ ಸಾಲಿನ ಬಾಗಿಲಲ್ಲೇ ಕೂಗಿ ಕರೆಯುತ್ತದೆ, ಕ್ರಿಯಾಪದದ ಹಂಗು ತಪ್ಪುತ್ತದೆ. ಇದು ಕಾಕತಾಳೀಯವೇ ಇರಬಹುದು, ಉಪಯೋಗಕ್ಕೆ ಬಾರದ ಕಾಕತಾಳೀಯವಲ್ಲ.

ಇನ್ನೊಂದು ಕೊರತೆ ಉಚ್ಚಾರದ್ದು. 2003ರಲ್ಲಿ ಡಿಜ್ಜಿ ರಾಸ್ಕಲ್‌ಗೆ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ತಂದ ಆಲ್ಬಂ ಪೂರ್ವ ಲಂಡನ್ನಿನ ಗಲ್ಲಿಯ ಉಚ್ಚಾರದ್ದು, ಡಿವೈನ್ ಅವರ ಹಾಡು ಮುಂಬಯಿ ಬೀದಿಯ ಹಿಂದಿಯದು. ನಮ್ಮ ಜನಪ್ರಿಯ ರ‍್ಯಾಪಿನ ಕನ್ನಡ ಮಾತ್ರ ಬಹುಪಾಲು ಒಂದೇ ಬೆಂಗಳೂರು ಮಾದರಿಯದು, ವಸ್ತು ಒಂದೋ ಗುಂಡು ಇಲ್ಲವೇ ನಾಡಾಭಿಮಾನ. ತುಮಕೂರು ಸೀಮೆಯ ‘ಓಯ್ತಾವ್ನೆ, ಬತ್ತಾವ್ನೆ’ ಅದರಲ್ಲಿ ಅಪರೂಪ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲೇ ಕೇರಿಯ ಸಿಟ್ಟನ್ನು ಕೇರಿಯ ಮಾತಿನಲ್ಲೇ ಹೇಳಿತ್ತು. ಆ ದಾರಿಯಲ್ಲಿ ತಮಿಳು ರ‍್ಯಾಪ್ ನಡೆದಷ್ಟು ದೂರ ನಮ್ಮದು ನಡೆದಿಲ್ಲ. ಊರು ಕಿವಿಗೊಟ್ಟಿಲ್ಲ ಎನ್ನುವಂತೆಯೂ ಇಲ್ಲ. 2020ರಲ್ಲಿ ಚಂದನ್ ಶೆಟ್ಟಿಯವರ ‘ಕೋಲುಮಂಡೆ’ ಬಂದಾಗ, ಮಾದಪ್ಪನ ಕಾವ್ಯದ ಸಂಕವ್ವೆಯನ್ನು ತೋರಿಸಿದ ರೀತಿ ಸರಿಯಿಲ್ಲವೆಂದು ಭಕ್ತರು ಆಕ್ಷೇಪಿಸಿದರು, ವಿಡಿಯೋ ಯೂಟ್ಯೂಬಿನಿಂದ ಹೋಯಿತು. ಅದು ಒರಟು ವಿಮರ್ಶೆ, ಆದರೂ ವಿಮರ್ಶೆಯೇ. ನಮ್ಮ ಪತ್ರಿಕೆಗಳು ಕಥೆ, ಕವನಕ್ಕೆ ಕೊಡುವ ವಿಮರ್ಶೆಯ ಜಾಗದಲ್ಲಿ ಒಂದಂಗುಲವನ್ನೂ ರ‍್ಯಾಪಿಗೆ ಬಿಟ್ಟುಕೊಡದಿದ್ದಾಗ, ಕೇಳುಗರ ಪ್ರತಿಕ್ರಿಯೆ ಲೈಕು, ಇಲ್ಲವೇ ದೂರು, ಇವೆರಡರಲ್ಲೇ ಮುಗಿಯುತ್ತದೆ.

ಹೊರದೇಶದ ಗಮನ ಬೇಕೇ ಬೇಕೇ ಎಂದೂ ಕೇಳಬಹುದು. ಮನ್ನಣೆಗಾಗಿ ಬೇಡ, ದುಡ್ಡಿಗಾಗಿ ಬೇಕು. ಸಿನಿಮಾ ಕಂಪನಿಗೆ ಹಾಡು ಬರೆದುಕೊಟ್ಟು ಒಂದೇ ಸಲ ಹಣ ಪಡೆಯುವ ಹುಡುಗನಿಗೂ, ತನ್ನ ಹಾಡನ್ನು ತಾನೇ ಇಟ್ಟುಕೊಂಡವನಿಗೂ ಬಹಳ ಅಂತರವಿದೆ. 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ಹಾಡನ್ನು ಸಿನಿಮಾಕ್ಕೆ ಕೊಟ್ಟ ಮೇಲೂ ಸಾಹಿತ್ಯ ಬರೆದವರಿಗೆ, ಸಂಗೀತ ಕಟ್ಟಿದವರಿಗೆ ರಾಯಲ್ಟಿಯ ಪಾಲು ಉಳಿಯುತ್ತದೆ. ರ‍್ಯಾಪ್ ಹಾಡುವವನು ಸಾಮಾನ್ಯವಾಗಿ ಸಾಹಿತ್ಯವನ್ನೂ ತಾನೇ ಬರೆದಿರುತ್ತಾನೆ. 1969ರಿಂದ ಇರುವ ಐಪಿಆರ್‌ಎಸ್ ಎಂಬ ಸೊಸೈಟಿಯಲ್ಲಿ ಸದಸ್ಯನಾಗಿ ಹಾಡುಗಳನ್ನು ನೋಂದಾಯಿಸಿದರೆ ಆ ಪಾಲು ಕೇಳಿ ಪಡೆಯುವ ದಾರಿಯುಂಟು. ಚೇಳೂರಿನಲ್ಲೋ ಕುಣಿಗಲ್‌ನಲ್ಲೋ ಮೊಬೈಲಿನಲ್ಲಿ ಬೀಟು ಹಾಕಿಕೊಂಡು ಬರೆಯುತ್ತಿರುವವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಯಾವ ಕಾಗದಕ್ಕಾದರೂ ಸಹಿ ಹಾಕುವ ಮೊದಲು ಅದರಲ್ಲಿನ ರಾಯಲ್ಟಿಯ ಷರತ್ತನ್ನು ಎರಡು ಸಲ ಓದಿಕೊಳ್ಳಿ.