ಮೊದಲು ಆರ್ಡರ್, ಆಮೇಲೆ ಕಂಪ್ಯೂಟರ್

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಪ್ರಾರ್ಥನೆಯ ಹೊತ್ತಿಗೆ ಇದೇ ಮೈದಾನದಲ್ಲಿ ಕೊನೆಯ ಸಾಲಿನಲ್ಲಿ ನಿಲ್ಲುತ್ತಿದ್ದವನನ್ನು ಇವತ್ತು ಮೈಕಿನ ಮುಂದೆ ನಿಲ್ಲಿಸಿದ್ದೀರಿ. "ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಪ್ಪ, ಮಕ್ಕಳಿಗೆ ಉಪಯೋಗವಾಗಲಿ" ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನು ಈಗಿನ ಮಕ್ಕಳು ಮೊಬೈಲಿನಲ್ಲೇ ನೋಡಿ ಕಲಿಯುತ್ತಾರೆ. ಆದ್ದರಿಂದ ನಾನು ಕಂಪ್ಯೂಟರ್ ಮಾರಿದ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಆ ಕಥೆಗೂ ನಾವು ಕಟ್ಟಲು ಹೊರಟಿರುವ ಕಂಪ್ಯೂಟರ್ ಕೊಠಡಿಗೂ ಸಂಬಂಧವಿದೆ. ಅದನ್ನು ಕೊನೆಗೆ ಹೇಳುತ್ತೇನೆ.

1984ನೇ ಇಸವಿ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಡೆಲ್ ಎಂಬ 19 ವರ್ಷದ ವಿದ್ಯಾರ್ಥಿ ಇದ್ದ. ಮಗ ಡಾಕ್ಟರ್ ಆಗಲಿ ಎಂಬುದು ತಂದೆ ತಾಯಿಯ ಆಸೆ. ಹುಡುಗ ಮಾತ್ರ ತನ್ನ ಕೋಣೆಯಲ್ಲಿ ಕಂಪ್ಯೂಟರುಗಳನ್ನು ಬಿಚ್ಚಿ, ಗಿರಾಕಿಗೆ ಬೇಕಾದ ಭಾಗಗಳನ್ನು ಸೇರಿಸಿ ಮಾರುತ್ತಿದ್ದ. 1,000 ಡಾಲರ್ ಬಂಡವಾಳದಲ್ಲಿ ಕಂಪನಿ ಶುರು ಮಾಡಿ ಓದನ್ನು ಬಿಟ್ಟ. ಮಕ್ಕಳೇ, ಓದು ಬಿಟ್ಟ ಆ ಒಂದು ಭಾಗವನ್ನು ಮಾತ್ರ ನೀವು ಅನುಸರಿಸಬೇಡಿ!

ಆಗ ದೊಡ್ಡ ಕಂಪನಿಗಳು ಎಷ್ಟು ಕಂಪ್ಯೂಟರ್ ಖರ್ಚಾಗಬಹುದು ಎಂದು ತಿಂಗಳುಗಟ್ಟಲೆ ಮುಂಚೆ ಅಂದಾಜು ಮಾಡುತ್ತಿದ್ದವು. ಅಷ್ಟನ್ನೂ ತಯಾರಿಸಿ ಡೀಲರುಗಳಿಗೆ ಕಳಿಸುತ್ತಿದ್ದವು. ಅವು ಅಂಗಡಿಯಲ್ಲಿ ವಾರಗಟ್ಟಲೆ ಕೂತಿರುತ್ತಿದ್ದವು. ಕಂಪ್ಯೂಟರಿನ ಬಿಡಿಭಾಗ ಎಂದರೆ ನಮ್ಮ ಟೊಮೆಟೊ ಇದ್ದ ಹಾಗೆ. ಕೊಳೆಯುವುದಿಲ್ಲ ನಿಜ. ಆದರೆ ಹೊಸ ಚಿಪ್ ಬಂದ ದಿನವೇ ಹಳೆಯದರ ಬೆಲೆ ಬೀಳುತ್ತದೆ. ಮಂಡಿಯಲ್ಲಿ ಬೆಲೆ ಬಿದ್ದಾಗ ಏನಾಗುತ್ತದೆ ಎಂದು ಇಲ್ಲಿ ಕೂತಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ.

ಡೆಲ್ ಮಾಡಿದ್ದು ನಮ್ಮೂರ ಟೈಲರ್ ಮಾಡುವ ಕೆಲಸವನ್ನೇ. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಫೋನಿನಲ್ಲಿ ಆರ್ಡರ್ ತೆಗೆದುಕೊಂಡರು. ಮೆಮೊರಿ ಎಷ್ಟು ಬೇಕು, ಡಿಸ್ಕ್ ಎಷ್ಟು ದೊಡ್ಡದಿರಬೇಕು ಎಂದು ಕೇಳಿಕೊಂಡರು. ಅಳತೆ ಸಿಕ್ಕ ಮೇಲೆ ಜೋಡಿಸಿ, ಪರೀಕ್ಷಿಸಿ, ನೇರವಾಗಿ ಮನೆಗೋ ಆಫೀಸಿಗೋ ಕಳಿಸಿದರು. ನಡುವೆ ಡೀಲರ್ ಇಲ್ಲ, ಅವನ ಕಮಿಷನ್ನೂ ಇಲ್ಲ. 1996ರಲ್ಲಿ ಇಂಟರ್ನೆಟ್ಟಿನಲ್ಲಿ ಮಾರಾಟ ಶುರುವಾದಾಗ ಈ ಪದ್ಧತಿಗೆ ಇನ್ನಷ್ಟು ಬಲ ಬಂತು. ಬಿಡಿಭಾಗ ಪೂರೈಸುವವರು ಕಾರ್ಖಾನೆಯ ಹತ್ತಿರವೇ ಗೋದಾಮು ಇಟ್ಟುಕೊಂಡಿದ್ದರು. 2000ದ ಹೊತ್ತಿಗೆ ಡೆಲ್ ತನ್ನ ಬಳಿ ಸುಮಾರು ಒಂದು ವಾರಕ್ಕೆ ಆಗುವಷ್ಟು ಮಾತ್ರ ದಾಸ್ತಾನು ಇಟ್ಟುಕೊಳ್ಳುತ್ತಿತ್ತು.

ಇದರಲ್ಲಿ ಇನ್ನೊಂದು ಗುಟ್ಟಿದೆ. ಗಿರಾಕಿಯ ಹಣ ಮೊದಲು ಬರುತ್ತಿತ್ತು, ಬಿಡಿಭಾಗ ಕೊಟ್ಟವರಿಗೆ ಕೆಲವು ವಾರ ಬಿಟ್ಟು ಕೊಡುತ್ತಿದ್ದರು. ಅಂದರೆ ವ್ಯಾಪಾರ ನಡೆಯುತ್ತಿದ್ದದ್ದು ಬೇರೆಯವರ ದುಡ್ಡಿನಲ್ಲಿ. ದಾಸ್ತಾನಿನ ಹೊರೆ ಮಾಯವಾಗಲಿಲ್ಲ, ಪೂರೈಸುವವರ ಹೆಗಲಿಗೆ ಹೋಯಿತು. ಇದನ್ನೂ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ.

ಅವರೂ ಎಡವಿದ್ದಾರೆ. 1989ರಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಮೆಮೊರಿ ಚಿಪ್ ಕೊಂಡು ಇಟ್ಟುಕೊಂಡರು. ಬೆಲೆ ಬಿತ್ತು, ಹೆಚ್ಚು ಸಾಮರ್ಥ್ಯದ ಹೊಸ ಚಿಪ್ ಬಂತು, ನಷ್ಟವಾಯಿತು. ದಾಸ್ತಾನು ಕಡಿಮೆ ಇರಬೇಕು ಎಂಬ ಪಾಠ ಅವರಿಗೆ ಮನದಟ್ಟಾದದ್ದು ಆಗ. 2001ರಲ್ಲಿ ಡೆಲ್ ಜಗತ್ತಿನಲ್ಲೇ ಅತಿ ಹೆಚ್ಚು ಕಂಪ್ಯೂಟರ್ ಮಾರುವ ಕಂಪನಿಯಾಯಿತು. ಅದೇ ವರ್ಷ ನಮ್ಮ ಬೆಂಗಳೂರಿನಲ್ಲೂ ಅವರ ಗ್ರಾಹಕ ಸೇವಾ ಕೇಂದ್ರ ತೆರೆಯಿತು.

ಆದರೆ ಕಾಲ ಬದಲಾಯಿತು. ಜನ ಮೇಜಿನ ಕಂಪ್ಯೂಟರ್ ಬಿಟ್ಟು ಲ್ಯಾಪ್‌ಟಾಪ್ ಕೊಳ್ಳತೊಡಗಿದರು. ಲ್ಯಾಪ್‌ಟಾಪನ್ನು ಕೈಯಲ್ಲಿ ಹಿಡಿದು, ತೂಕ ನೋಡಿ, ಕೀಲಿ ಒತ್ತಿ ನೋಡಬೇಕು ಎಂದು ಮನೆಬಳಕೆಯ ಗಿರಾಕಿಗೆ ಅನ್ನಿಸುತ್ತದೆ. ಫೋನಿನಲ್ಲಿ ಅದು ಸಾಧ್ಯವಿಲ್ಲ. 2006ರಲ್ಲಿ ಎಚ್‌ಪಿ ಕಂಪನಿ ಮುಂದೆ ಹೋಯಿತು. 2007ರಲ್ಲಿ ಡೆಲ್ ವಾಲ್‌ಮಾರ್ಟ್ ಅಂಗಡಿಗಳಲ್ಲೂ ಕಂಪ್ಯೂಟರ್ ಇಟ್ಟಿತು. ಅಂಗಡಿಯೇ ಬೇಡ ಎಂದು ಬೆಳೆದವರು ಅಂಗಡಿಗೆ ಬಂದರು. ಇದನ್ನು ನಾನು ಸೋಲು ಎನ್ನುವುದಿಲ್ಲ. ಗಿರಾಕಿಯನ್ನು ಕೇಳುವುದೇ ಮೂಲ ಮಂತ್ರವಾಗಿದ್ದರೆ, ಗಿರಾಕಿ "ಅಂಗಡಿ ಬೇಕು" ಎಂದಾಗ ಅದನ್ನೂ ಕೇಳಬೇಕು.

ಈಗ ನನ್ನ ವಿಷಯ. ಬಿ.ಇ. ಎರಡನೇ ವರ್ಷದಲ್ಲಿದ್ದಾಗ ಅಪ್ಪ ಒಂದು ಎಮ್ಮೆ ಮಾರಿ ಕಂಪ್ಯೂಟರಿಗೆ ದುಡ್ಡು ಕೊಟ್ಟರು. ಬ್ರ್ಯಾಂಡಿನ ಕಂಪ್ಯೂಟರಿಗೆ ಅದು ಸಾಲದು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಬಿಡಿಭಾಗ ಜೋಡಿಸಿಕೊಡುವ ಅಂಗಡಿಯವರು ಬೆಲೆ ಹೇಳುವ ಮೊದಲು, "ಏನು ಮಾಡೋಕೆ ಬೇಕು ನಿಮಗೆ?" ಎಂದು ಕೇಳಿದರು. ಪ್ರೋಗ್ರಾಂ ಬರೆಯೋಕೆ ಎಂದೆ. "ಹಾಗಾದರೆ ಈ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡ. ಆ ದುಡ್ಡಿಗೆ ರ‍್ಯಾಮ್ ಜಾಸ್ತಿ ಹಾಕಿಸ್ಕೊಳ್ಳಿ" ಎಂದರು. ನನ್ನ ಮೊದಲ ಪ್ರೋಗ್ರಾಂಗಳು ಹುಟ್ಟಿದ್ದು ಆ ಪೆಟ್ಟಿಗೆಯಲ್ಲಿ. ಆ ಒಂದು ಪ್ರಶ್ನೆ ಎಮ್ಮೆಯ ದುಡ್ಡನ್ನು ಉಳಿಸಿತು.

ಅದಕ್ಕೂ ಮುಂಚಿನ ಒಂದು ನೆನಪಿದೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಗೆ ನಾಲ್ಕು ಕಂಪ್ಯೂಟರ್ ಬಂದವು. ಕೊಟ್ಟವರ ಮನಸ್ಸು ದೊಡ್ಡದು. ಆದರೆ ಕೊಠಡಿಗೆ ಸರಿಯಾದ ವೈರಿಂಗ್ ಇರಲಿಲ್ಲ, ಕಲಿಸುವವರೂ ಇರಲಿಲ್ಲ. ಬಟ್ಟೆ ಮುಚ್ಚಿ ಬೀಗ ಹಾಕಿದರು. ನಾವು ಅವುಗಳ ಮುಖ ನೋಡಿದ್ದು ಆಯುಧ ಪೂಜೆಯ ದಿನ, ಕುಂಕುಮ ಇಡುವಾಗ. ವೈರಿಂಗ್ ಆಗುವಷ್ಟರಲ್ಲಿ ನಾನು ಶಾಲೆ ಬಿಟ್ಟಿದ್ದೆ, ಅವೂ ಹಳತಾಗಿದ್ದವು. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಕೊಡುವ ಮೊದಲು ಕೇಳಬೇಕು ಎಂದು ಆಗ ಯಾರಿಗೂ ತೋಚಲಿಲ್ಲ, ಅಷ್ಟೇ.

ಈಗ ನಾವು ಹಳೆಯ ವಿದ್ಯಾರ್ಥಿಗಳು 20 ಕಂಪ್ಯೂಟರ್ ಕೊಡಿಸಲು ಹಣ ಸೇರಿಸುತ್ತಿದ್ದೇವೆ. ನಾನೂ ನನ್ನ ಪಾಲು ಕೊಟ್ಟಿದ್ದೇನೆ. ಆ ಹಕ್ಕಿನಿಂದ ಒಂದು ಬಿನ್ನಹ. 20ನ್ನೂ ಒಟ್ಟಿಗೆ ಕೊಳ್ಳುವುದು ಬೇಡ. ಮೊದಲು ವಿಜ್ಞಾನ ಮತ್ತು ಗಣಿತದ ಮೇಷ್ಟ್ರುಗಳನ್ನು ಕೇಳೋಣ, ವಾರಕ್ಕೆ ಎಷ್ಟು ಪಿರಿಯಡ್ ಸಿಗುತ್ತದೆ ಎಂದು. ಮಕ್ಕಳನ್ನು ಕೇಳೋಣ, ಏನು ಕಲಿಯಬೇಕೆಂದು. ಕರೆಂಟು ಹೋದಾಗ ಏನು ಮಾಡುವುದು, ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ, ಕೀಲಿ ಯಾರ ಹತ್ತಿರ ಇರುತ್ತದೆ, ಇದನ್ನೆಲ್ಲ ಬರೆದುಕೊಳ್ಳೋಣ. ಆಮೇಲೆ ಐದು ಕೊಳ್ಳೋಣ. ಅವು ದಿನಾ ಬಳಕೆಯಾಗುತ್ತಿವೆ ಎಂದಾದರೆ ಮತ್ತೆ ಐದು. ಮಿಕ್ಕ ಹಣ ಬ್ಯಾಂಕಿನಲ್ಲಿದ್ದರೆ ಬಡ್ಡಿ ಬರುತ್ತದೆ, ಪೆಟ್ಟಿಗೆಯಲ್ಲಿ ಕೂತ ಕಂಪ್ಯೂಟರಿನ ಬೆಲೆ ಇಳಿಯುತ್ತಲೇ ಹೋಗುತ್ತದೆ.

ಕಲ್ಲಿನಲ್ಲಿ ದಾನಿಗಳ ಹೆಸರು ಕೆತ್ತಿಸುವುದು ಒಂದು ವರ್ಷ ತಡವಾದರೂ ನಮಗೆ ಬೇಸರವಿಲ್ಲ. ಆಯುಧ ಪೂಜೆಯ ಮಾರನೆಯ ದಿನವೂ ಆ ಕೊಠಡಿಯ ಬಾಗಿಲು ತೆರೆದಿರಲಿ ಎಂಬುದಷ್ಟೇ ನನ್ನ ಆಸೆ.